ಚಂದಾದಾರರ ಕಪಾಟು

ಪುಣೆಯ ಕೋಥ್ರೂಡಿನಲ್ಲಿ ಮೂರು ಮಾಳಿಗೆಯ ಒಂದು ಹಳೆಯ ಸೊಸಾಯಿಟಿ. ರೀಡೆವಲಪ್‌ಮೆಂಟಿಗೆ ಎಲ್ಲರ ಸಹಿ ಬಿದ್ದಾಗಿತ್ತು. ಮೇ ತಿಂಗಳ ಕೊನೆಗೆ ಮನೆ ಖಾಲಿ ಮಾಡಿಕೊಡಬೇಕೆಂದು ಬಿಲ್ಡರ್ ತಿಳಿಸಿದ್ದ. ಮಿಕ್ಕ ಮನೆಗಳಲ್ಲಿ ಹೊಸ ಫ್ಲ್ಯಾಟಿನ ಕಾರ್ಪೆಟ್ ಏರಿಯಾ ಎಷ್ಟು, ಪಾರ್ಕಿಂಗ್ ಯಾರಿಗೆ ಎಂಬ ಮಾತು ನಡೆದಿತ್ತು. ಎರಡನೆಯ ಮಾಳಿಗೆಯಲ್ಲಿ, ವಿಮಾ ಕಂಪನಿಯ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದ ಒಬ್ಬ ಹೆಂಗಸು ಸ್ಟೂಲಿನ ಮೇಲೆ ನಿಂತು ಪುಸ್ತಕ ಎಣಿಸುತ್ತಿದ್ದರು. 340 ಆದವು. ಬಾಡಿಗೆಗೆ ಹಿಡಿದ ಮನೆ ಒಂದು ಬೆಡ್‌ರೂಮಿನದು, ಅಲ್ಲಿ ಮೂರು ವರ್ಷ ತೆಗೆಯಬೇಕು. ಕಪಾಟೋ, 1981ರಲ್ಲಿ ಅಪ್ಪ ಗೋಡೆಗೆ ಸೇರಿಸಿ ಮಾಡಿಸಿದ್ದು. ಬಿಚ್ಚಿದರೆ ಹಲಗೆಯಷ್ಟೇ ಕೈಗೆ ಬರುತ್ತದೆ.

ಆಕೆಯ ಧಾರವಾಡದ ಹುಚ್ಚು ಗೊತ್ತಿದ್ದವರಿಗೆ ಆ ಕಪಾಟೂ ಗೊತ್ತು. ಮನೆಗೆ ಬಂದವರಿಗೆ ಚಹಾ ಬರುವುದಕ್ಕೆ ಮೊದಲು ಸಾಧನಕೇರಿ ಬರುತ್ತಿತ್ತು. ಬೇಂದ್ರೆಯವರು 1922ರಲ್ಲಿ ಕಟ್ಟಿದ ಗೆಳೆಯರ ಗುಂಪು, ಕರ್ನಾಟಕ ಕಾಲೇಜಿನಲ್ಲಿ ಗೋಕಾಕರು ಪ್ರಿನ್ಸಿಪಾಲರಾಗಿದ್ದ ಕಾಲ, ಅದೇ ಕಾಲೇಜಿನಲ್ಲಿ ಶ್ರೀರಂಗರು ಸಂಸ್ಕೃತ ಕಲಿಸುತ್ತಿದ್ದುದು, ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಮೂವರೂ ಸೇರಿ 1964ರಲ್ಲಿ 'ಸಂಕ್ರಮಣ' ಶುರು ಮಾಡಿದ್ದು, ಒಂದಾದ ಮೇಲೊಂದು. ಗಂಡ ವಿಜಾಪುರದವರು. "ನಮ್ಮೂರಾಗ ಒಂದಽ ಗೋಳಗುಮ್ಮಟ ಅದ ನೋಡ್ರಿ. ಇಕಿ ಊರಾಗ ಕಲ್ಲು ಒಗದ್ರ ಕವಿಗೆ ಬೀಳ್ತದ" ಎಂದು ಬಂದವರಿಗೆ ಹೇಳಿ ನಗುತ್ತಿದ್ದರು.

ಮಜಾ ಎಂದರೆ, ಆಕೆ ಧಾರವಾಡದಲ್ಲಿ ಬದುಕಿದವರೇ ಅಲ್ಲ. ಹುಟ್ಟಿದ್ದು ಪುಣೆಯಲ್ಲಿ, 1962ರಲ್ಲಿ. ಶಾಲೆ ಮರಾಠಿಯಲ್ಲಿ. ಬೇಸಗೆ ಸೂಟಿಯಲ್ಲಿ ಮಾಳಮಡ್ಡಿಯ ಅಜ್ಜಿಯ ಮನೆಯಲ್ಲಿ ಕಳೆದ ತಿಂಗಳೊಪ್ಪತ್ತು ಬಿಟ್ಟರೆ ಆ ಊರು ಆಕೆಗೆ ಸಿಕ್ಕಿದ್ದು ಪುಸ್ತಕಗಳಿಂದ, ಅಪ್ಪನ ಬಾಯಿಂದ. ಹೀಗೆ ದೂರದಿಂದ ಹಚ್ಚಿಕೊಂಡ ಊರಿನ ಪ್ರೀತಿಗೆ ಒಂದು ರೋಗವಿದೆ. ಪೇಢೆ, ಜಿಟಿಜಿಟಿ ಮಳೆ, ಬೇಂದ್ರೆಯವರ ಕೊಡೆ ಎಂದು ಮೂರು ಚಿತ್ರಕ್ಕೆ ಊರು ಮುಗಿದುಹೋಗುತ್ತದೆ. ಆಕೆಗೂ ಅದು ಸ್ವಲ್ಪ ಇತ್ತು. ಅದನ್ನು ಇಳಿಸಿದ್ದು 2015ರ ಆಗಸ್ಟ್ 30. ಅಂದು ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದ ಸುದ್ದಿ ಟಿವಿಯಲ್ಲಿ ಬಂತು. ಅದಕ್ಕೆ ಎರಡು ವರ್ಷ ಮೊದಲು ಪುಣೆಯಲ್ಲಿ, ಓಂಕಾರೇಶ್ವರ ದೇವಸ್ಥಾನದ ಹತ್ತಿರದ ಸೇತುವೆಯ ಮೇಲೆ ನರೇಂದ್ರ ದಾಭೋಲ್ಕರರನ್ನು ಹಾಗೆಯೇ ಕೊಂದಿದ್ದರು. ತನ್ನ ಎರಡೂ ಊರು ಹೀಗೆ ಒಂದೇ ಸುದ್ದಿಯಲ್ಲಿ ಸೇರುತ್ತವೆ ಎಂದು ಆಕೆ ಎಂದೂ ಎಣಿಸಿರಲಿಲ್ಲ. ಆಮೇಲೆ ಬಂದವರ ಮುಂದೆ ಪೇಢೆಯ ಮಾತು ಕಡಿಮೆಯಾಯಿತು, ಪುಸ್ತಕದ ಮಾತು ಉಳಿಯಿತು.

ಕಪಾಟಿನ ಮೂರರಲ್ಲೊಂದು ಪಾಲು ಒಂದೇ ಪ್ರಕಾಶನದ್ದು, ಮನೋಹರ ಗ್ರಂಥಮಾಲೆ. ಅದೇಕೆ ಹಾಗೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಗ್ರಂಥಮಾಲೆ ಹಾಕಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ದೊಡ್ಡ ಬಂಡವಾಳ ಇಲ್ಲದವರಿಗೆ ಪುಸ್ತಕ ಅಚ್ಚು ಹಾಕಿಸಿ, ಅಂಗಡಿಗೆ ಕೊಟ್ಟು, ಮಾರಾಟವಾದ ಮೇಲೆ ಹಣಕ್ಕೆ ಕಾಯುವ ವ್ಯಾಪಾರ ನಡೆಯುವಂಥದ್ದಲ್ಲ. ಅವರು ಓದುಗರನ್ನೇ ಮೊದಲು ಕೂಡಿಸಿಕೊಂಡರು. ಓದುಗ ಸದಸ್ಯನಾಗಿ ಮುಂಗಡ ಚಂದಾ ಕಟ್ಟಬೇಕು. ವರ್ಷದಲ್ಲಿ ಮಾಲೆಯಿಂದ ಹೊರಬರುವ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಯಾವ ಪುಸ್ತಕ ಬರಬೇಕು ಎಂದು ಹೇಳುವ ಅಧಿಕಾರ ಚಂದಾದಾರನಿಗಿಲ್ಲ. ಅದನ್ನು ಆರಿಸುವವರು ಸುಭಾಸ ರಸ್ತೆಯ ಆ ಕಟ್ಟಡದ ಮೇಲೆ ಕೂತವರು. ಗ್ರಂಥಮಾಲೆಯ ಕಚೇರಿಗೆ 'ಅಟ್ಟ' ಎಂದೇ ಹೆಸರು. ಮೊದಮೊದಲು ಬೇಂದ್ರೆ ಮತ್ತು ಅವರ ಗೆಳೆಯರು, ಆಮೇಲೆ ಕೀರ್ತಿನಾಥ ಕುರ್ತಕೋಟಿ. ಜೋಶಿಯವರೂ ಬರಹಗಾರರೇ. 'ಜಡಭರತ' ಎಂಬ ಹೆಸರಿನಲ್ಲಿ ನಾಟಕ ಬರೆದರು. ಬಿ.ವಿ. ಕಾರಂತರು ಆಡಿಸಿದ 'ಸತ್ತವರ ನೆರಳು' ಅವರದೇ.

ಬೆಳ್ಳಿಹಬ್ಬಕ್ಕೆ ಬೇರೆಯವರಾದರೆ ಸನ್ಮಾನ ಮಾಡಿಕೊಂಡಾರು. ಗ್ರಂಥಮಾಲೆ 'ನಡೆದು ಬಂದ ದಾರಿ' ಎಂಬ ಮೂರು ಸಂಪುಟ ತಂದಿತು. ಹೊಸಗನ್ನಡ ಸಾಹಿತ್ಯ ಎಲ್ಲಿಂದ ಎಲ್ಲಿಗೆ ಬಂತು ಎಂದು ಅದರಲ್ಲಿ ಕುರ್ತಕೋಟಿಯವರು ತೂಗಿ ನೋಡಿದರು. ಅದಾದ ಬೆನ್ನಿಗೇ ಬಂದವುಗಳ ಪಟ್ಟಿ ನೋಡಬೇಕು. 1961ರಲ್ಲಿ ಕಾರ್ನಾಡರ 'ಯಯಾತಿ', ಶಾಂತಿನಾಥ ದೇಸಾಯಿಯವರ 'ಮುಕ್ತಿ'. 1964ರಲ್ಲಿ 'ತುಘಲಕ್'. 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'. 1969ರಲ್ಲಿ ಎ.ಕೆ. ರಾಮಾನುಜನ್ ಅವರ 'ಹೊಕ್ಕುಳಲ್ಲಿ ಹೂವಿಲ್ಲ'. ಎಂಟೊಂಬತ್ತು ವರ್ಷದಲ್ಲಿ, ಒಂದು ಸಣ್ಣ ಊರಿನ ಅಟ್ಟದಿಂದ ಇಷ್ಟು. ಯಯಾತಿ ಬಂದಾಗ ಕಾರ್ನಾಡರಿಗೆ 23 ವರ್ಷ. ಅವರು ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಆ ನಾಟಕ ಅಚ್ಚಾಗದಿದ್ದರೆ ತಾನು ಬಹುಶಃ ಹೊರದೇಶದಲ್ಲೇ ಉಳಿಯುತ್ತಿದ್ದೆ ಎಂದು ಅವರೇ ಹೇಳಿಕೊಂಡದ್ದುಂಟು. ಇವುಗಳಲ್ಲಿ ಒಂದನ್ನಾದರೂ ಯಾವ ಚಂದಾದಾರನೂ ಬೇಕೆಂದು ಕೇಳಿರಲಿಲ್ಲ. ಕೇಳಲು ಅವನಿಗೆ ಆ ಹೆಸರುಗಳೇ ಗೊತ್ತಿರಲಿಲ್ಲ. ದುಡ್ಡು ಮಾತ್ರ ಮೊದಲೇ ಕಟ್ಟಿದ್ದ.

ಸಾಹಿತ್ಯ ಚರಿತ್ರೆ ಬರೆಯುವವರು ಅಟ್ಟದ ಮೇಲೆ ಯಾರು ಯಾರು ಕೂತಿದ್ದರೆಂದು ಬರೆಯುತ್ತಾರೆ. ಅಂಚೆಯ ಆ ಕಡೆಯ ತುದಿಯಲ್ಲಿ ಯಾರಿದ್ದರು ಎಂಬುದು ಅಲ್ಲಿ ಸಿಗುವುದಿಲ್ಲ.

ಈ ಕಪಾಟಿನ ಮಟ್ಟಿಗೆ ಆ ತುದಿಯಲ್ಲಿದ್ದವರು ಮಿಲಿಟರಿ ಅಕೌಂಟ್ಸಿನ ಒಬ್ಬ ಕ್ಲರ್ಕ್. ಧಾರವಾಡದ ವೈಷ್ಣವರ ಮನೆಯ ಹುಡುಗ, ಮ್ಯಾಟ್ರಿಕ್ ಮುಗಿಸಿ ಕೆಲಸ ಹುಡುಕಿಕೊಂಡು ಪುಣೆಗೆ ಬಂದದ್ದು 1955ರಲ್ಲಿ. ಆಗ ಅದು ಪರರಾಜ್ಯಕ್ಕೆ ಬಂದ ಹಾಗಲ್ಲ. ಧಾರವಾಡವೂ ಮುಂಬಯಿ ಪ್ರಾಂತದ್ದೇ, ಮರುವರ್ಷ ನವೆಂಬರಿನ ತನಕ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆದದ್ದು 1917ರಲ್ಲಿ. ಅದಕ್ಕೂ ಮೊದಲು ಆ ಕಡೆಯ ಹುಡುಗರು ಕಾಲೇಜು ಕಲಿಯಬೇಕೆಂದರೆ ಪುಣೆಗೋ ಮುಂಬಯಿಗೋ ಬರಬೇಕು. ಬೇಂದ್ರೆಯವರು ಬಿ.ಎ. ಮಾಡಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ. ಆ ಕ್ಲರ್ಕ್ ಸದಾಶಿವ ಪೇಠೆಯ ಒಂದು ಕೋಣೆಯಲ್ಲಿ ಇನ್ನಿಬ್ಬರ ಜತೆ ಇದ್ದು, ಖಾನಾವಳಿಯಲ್ಲಿ ಉಂಡು, ಉಳಿದದ್ದರಲ್ಲಿ ಗ್ರಂಥಮಾಲೆಗೆ ಚಂದಾ ಕಟ್ಟಲು ಶುರು ಮಾಡಿದ್ದು 1958ರಲ್ಲಿ. ಅವರು ಸಾಯುವ ತನಕ ಒಂದು ಸಾಲೂ ಬರೆದವರಲ್ಲ. ಸಭೆಗಳಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವರೂ ಅಲ್ಲ. ಪುಸ್ತಕ ಬಂದರೆ ಕಂದು ಕಾಗದದ ರಟ್ಟು ಹಾಕಿ, ಪೆನ್ಸಿಲ್ ಹಿಡಿದು ಓದಿ, ಕೊನೆಯ ಪುಟದಲ್ಲಿ 'ಮುಗಿಯಿತು' ಎಂದು ತಾರೀಖು ಹಾಕಿ ಇಡುವರು. ಅಷ್ಟೇ.

ಪುಸ್ತಕ ಇಳಿಸುವಾಗ ಮಗಳು ಆ ಕೊನೆಯ ಪುಟಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದರು. ಕೆಲಸ ಮುಂದೆ ಹೋಗದಿರಲು ಅದೇ ಕಾರಣ. 'ಸಂಸ್ಕಾರ' ಸಿಕ್ಕಿದ್ದು ಮೇಲಿನ ಸಾಲಿನ ಹಿಂದೆ, ಎರಡನೆಯ ಸಾಲಾಗಿ ಅಡಗಿಸಿಟ್ಟಂತೆ. ಮೊದಲ ಪುಟಗಳಲ್ಲಿ ಪೆನ್ಸಿಲ್ ಗುರುತು ಒತ್ತೊತ್ತಾಗಿದ್ದವು. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಹೆಣ ಹಾಗೇ ಇದೆ, ದಹನ ಯಾರು ಮಾಡಬೇಕೆಂದು ಯಾರಿಗೂ ಗೊತ್ತಾಗುತ್ತಿಲ್ಲ, ಪ್ರಾಣೇಶಾಚಾರ್ಯರು ಗ್ರಂಥ ತಡಕುತ್ತಿದ್ದಾರೆ. ಅಪ್ಪ ಅಲ್ಲಿ ಧರ್ಮಶಾಸ್ತ್ರದ ವಿಚಾರವಾಗಿ ಆಚಾರ್ಯರಿಗೇ ಸಲಹೆ ಕೊಟ್ಟಿದ್ದರು. ಕಾಡಿನಲ್ಲಿ ಆಚಾರ್ಯರಿಗೆ ಚಂದ್ರಿ ಎದುರಾಗುವ ಕಡೆ ಪೆನ್ಸಿಲ್ ನಿಂತುಹೋಗಿತ್ತು. ಮುಂದೆ ಕೊನೆಯವರೆಗೆ ಒಂದು ಗುರುತೂ ಇರಲಿಲ್ಲ.

ಪುಸ್ತಕದ ನಡುವೆ ಎರಡು ಕಾಗದ ಇದ್ದವು. ಒಂದು ಕಾರ್ಬನ್ ಪ್ರತಿ. ಲೆಕ್ಕದ ಕಚೇರಿಯವರಾದ್ದರಿಂದ ಬರೆದ ಪ್ರತಿ ಪತ್ರಕ್ಕೂ ನಕಲು ಇಡುವ ಚಟ ಅವರಿಗೆ. 'ಸಾ.ನ.ವಿ.ವಿ.' ಎಂದು ಸರಿಯಾದ ಶಿಷ್ಟಾಚಾರದಿಂದಲೇ ಶುರುವಾಗುವ ಪತ್ರ, ಡಿಸೆಂಬರ್ 1965ರದು. ಮಾಲೆಯ ಈ ಸಲದ ಕಾದಂಬರಿ ತಲುಪಿತು, ಅರ್ಧ ಓದುವಷ್ಟರಲ್ಲಿ ಅತ್ಯಂತ ಖೇದವಾಯಿತು, ಇಂಥದನ್ನು ಮಡಿ ಮೈಲಿಗೆ ಪಾಲಿಸುವ ಸಂಸಾರಸ್ಥರ ಮನೆಗೆ ಅಂಚೆಯಲ್ಲಿ ಕಳಿಸುವಾಗ ತಾವು ಎರಡು ಸಲ ವಿಚಾರ ಮಾಡಬೇಕಿತ್ತು, ಮಾಧ್ವರನ್ನು ಹೀಗೆ ಆಡಿಕೊಳ್ಳುವುದೇ ನವ್ಯವಾದರೆ ಅಂಥ ನವ್ಯ ತಮಗೇ ಇರಲಿ. ಒಂದೂವರೆ ಪುಟ. ಕೆಳಗೆ 'ತಮ್ಮ ವಿಧೇಯ' ಎಂದು ಹೆಸರು, ಅದರ ಪಕ್ಕದಲ್ಲಿ ಸದಸ್ಯರ ಕ್ರಮಾಂಕ.

ಇನ್ನೊಂದು ಕಾಗದ ಮನಿ ಆರ್ಡರಿನ ರಸೀದಿ. ಫೆಬ್ರುವರಿ 1966. ಮುಂದಿನ ವರ್ಷದ ಚಂದಾ.

ಎರಡನ್ನೂ ಕೈಯಲ್ಲಿ ಹಿಡಿದು ಆಕೆ ಸ್ಟೂಲಿನಿಂದ ಇಳಿದರು. ಪತ್ರ ಬರೆದ ಮೇಲೂ ಅವರು ಪುಸ್ತಕ ಕೆಳಗಿಟ್ಟಿರಲಿಲ್ಲ. ಕೊನೆಯ ಪುಟದ 'ಮುಗಿಯಿತು' ಪತ್ರದ ತಾರೀಖಿನಿಂದ ಮೂರು ದಿನ ಈಚಿನದು. ಅದರ ಕೆಳಗೆ ಇನ್ನೊಂದು ತಾರೀಖೂ ಇತ್ತು, 1988ರದು. ಎರಡನೆಯ ಸಲ ಓದಿದ್ದರು. ಆಗ ಅವರಿಗೆ ಏನನ್ನಿಸಿತು ಎಂಬುದನ್ನು ಎಲ್ಲೂ ಬರೆದಿರಲಿಲ್ಲ. ಕೇಳೋಣವೆಂದರೆ ಅವರು ಹೋಗಿ ಇಪ್ಪತ್ತು ವರ್ಷವಾಯಿತು.

ಅಮ್ಮನಿಗೆ ಅನ್ನಿಸಿದ್ದು ಮಾತ್ರ ಮನೆಯವರೆಲ್ಲರಿಗೂ ಗೊತ್ತಿತ್ತು. ಅಪ್ಪ ಹಿಂದಿನ ಸಾಲಿಗೆ ತುರುಕಿದ್ದ ಆ ಪುಸ್ತಕವನ್ನು ಅವರು ಆಫೀಸಿಗೆ ಹೋದ ಮೇಲೆ ತೆಗೆದು, ಮಧ್ಯಾಹ್ನದ ಹೊತ್ತು ನಾಲ್ಕು ದಿನದಲ್ಲಿ ಓದಿ, ಇದ್ದಲ್ಲೇ ಇಟ್ಟಿದ್ದರಂತೆ. ವರ್ಷಗಳ ಮೇಲೆ, ಯಾವುದೋ ಮಾತಿಗೆ, ಅಪ್ಪನ ಎದುರೇ ಅಂದರು: "ಹೆಣಾ ಸುಟ್ಟಾಕಿ ಆ ಚಂದ್ರಿ ಒಬ್ಬಾಕೀನಽ. ಉಳದವರೆಲ್ಲಾ ಬರೇ ಶಾಸ್ತ್ರಾ ಹುಡುಕಿಕೋತ ಕೂತ್ರು." ಅಪ್ಪ ಪಂಚಾಂಗದಿಂದ ತಲೆ ಎತ್ತಲಿಲ್ಲ. ಕನ್ನಡದ ವಿಮರ್ಶಕರು ಆ ಕಾದಂಬರಿಯ ಮೇಲೆ ಅರವತ್ತು ವರ್ಷದಿಂದ ಬರೆಯುತ್ತಲೇ ಇದ್ದಾರೆ, ಪ್ರಾಣೇಶಾಚಾರ್ಯರ ಅಸ್ತಿತ್ವದ ಸಂಕಟ ಇತ್ಯಾದಿ. ಏಳನೆಯ ಇಯತ್ತೆ ಕಲಿತ ಆ ಹೆಂಗಸಿನ ಎರಡು ವಾಕ್ಯವನ್ನು ಅವುಗಳ ಜತೆ ಇಟ್ಟು ನೋಡಿದರೆ ತೂಕದಲ್ಲಿ ಕಡಿಮೆ ಬೀಳುವುದಿಲ್ಲ. ಚಂದಾ ಕಟ್ಟುವವರು ಒಬ್ಬರು, ಓದುವವರು ಮನೆಯಲ್ಲಿ ಎಷ್ಟು ಮಂದಿಯೋ. ಆ ಲೆಕ್ಕ ಸದಸ್ಯರ ಕ್ರಮಾಂಕದಲ್ಲಿ ಬರುವುದಿಲ್ಲ.

ಅಪ್ಪನಿಗೆ ಅಟ್ಟದ ಮೇಲಿನವರ ಬಗ್ಗೆ ಇದ್ದದ್ದು ಭಯಭಕ್ತಿಯೋ, ಮುನಿಸೋ, ಬರೀ ನಾಚಿಕೆಯೋ ಎಂಬುದು ಆಕೆಗೆ ಇವತ್ತಿಗೂ ಬಗೆಹರಿದಿಲ್ಲ. 1974ರ ಬೇಸಗೆಯಲ್ಲಿ, ಆಕೆಗೆ ಹನ್ನೆರಡು ವರ್ಷವಿದ್ದಾಗ, ಅಪ್ಪನ ಕೈ ಹಿಡಿದು ಸುಭಾಸ ರಸ್ತೆಗೆ ಹೋದದ್ದು ನೆನಪಿದೆ. ಅಪ್ಪ ಆ ಕಟ್ಟಡದ ಕೆಳಗೆ ನಿಂತು ಮೇಲೆ ಬೆರಳು ಮಾಡಿ, "ನಮ್ಮ ಪುಸ್ತಕಾ ಎಲ್ಲಾ ಇಲ್ಲಿಂದಽ ಬರೋದು" ಎಂದರು. ಹತ್ತೋಣ ಎಂದು ಹುಡುಗಿ ಹಟ ಹಿಡಿದಳು. "ಬ್ಯಾಡವ್ವಾ. ದೊಡ್ಡ ದೊಡ್ಡ ಮಂದಿ ಕೂತಿರ್ತಾರ. ನಾವು ಹೋಗಿ ಏನಂತ ಹೇಳೋದು?" ಹದಿನಾರು ವರ್ಷದ ಚಂದಾದಾರ ಮೆಟ್ಟಿಲ ಬುಡದಿಂದ ಹಿಂತಿರುಗಿ, ಮಗಳಿಗೆ ಲೈನ್ ಬಜಾರಿನಲ್ಲಿ ಪೇಢೆ ಕೊಡಿಸಿಕೊಂಡು ಮಾಳಮಡ್ಡಿಗೆ ನಡೆದರು. ಒಂಬತ್ತು ವರ್ಷದ ಹಿಂದಿನ ಆ ಪತ್ರವೇ ಕಾಲು ಹಿಡಿದಿತ್ತೇನೋ ಎಂದು ಆಕೆಗೆ ಈಗ ಅನ್ನಿಸುತ್ತದೆ.

ಆಕೆ ಆ ಮೆಟ್ಟಿಲು ಹತ್ತಿದ್ದು 2013ರ ಜನವರಿಯಲ್ಲಿ. ಗಿರಡ್ಡಿ ಗೋವಿಂದರಾಜರ ಮುಂದಾಳುತನದಲ್ಲಿ ಮೊದಲ ಧಾರವಾಡ ಸಾಹಿತ್ಯ ಸಂಭ್ರಮ ನಡೆದ ವರ್ಷ. ರಜೆ ಹಾಕಿ, ರಾತ್ರಿ ಬಸ್ಸು ಹತ್ತಿ, ಕೊಲ್ಲಾಪುರ, ಬೆಳಗಾವಿ ದಾಟಿ ಬೆಳಿಗ್ಗೆ ಇಳಿದು ನೇರ ಸಭೆಗೆ ಹೋದರು. ಅಲ್ಲಿ ಆಕೆಗೆ ಖುಷಿ ಕೊಟ್ಟದ್ದು ವೇದಿಕೆಗಿಂತ ಕುರ್ಚಿ ಸಾಲು. ಬ್ಯಾಂಕಿನವರು, ಮಾಸ್ತರರು, ಕೈಚೀಲದಲ್ಲಿ ಬುತ್ತಿ ತಂದ ಹೆಂಗಸರು. ಮಾತು ಹಿಡಿಸದಿದ್ದರೆ ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ "ಹ್ಞೂಂ, ಸಾಕ ಬಿಡಪಾ" ಎನ್ನುವವರು. ಮಧ್ಯಾಹ್ನ ಅಟ್ಟಕ್ಕೆ ಹೋದರೆ ಅಪ್ಪ ಹೇಳಿದ ಹಾಗೇ ಆಯಿತು. ಏನಂತ ಹೇಳುವುದು? ನಾಲಿಗೆ ಏಳಲಿಲ್ಲ. ಎರಡು ವರ್ಷದ ಹಿಂದೆ ಬಂದಿದ್ದ ಕಾರ್ನಾಡರ ಆತ್ಮಕತೆ 'ಆಡಾಡತ ಆಯುಷ್ಯ' ಒಂದು ಪ್ರತಿ ಕೊಂಡು, ಚಿಲ್ಲರೆ ಎಣಿಸಿಕೊಂಡು ಇಳಿದು ಬಂದರು.

ವಾಪಸು ಬರುವ ಬಸ್ಸಿನಲ್ಲಿ ಆ ಪುಸ್ತಕ ತೆರೆದವರಿಗೆ ಮೊದಲಲ್ಲೇ ಪುಣೆ ಸಿಕ್ಕಿತು. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ ಈ ಮಗು ಬೇಡವೆಂದು ತಾಯಿ ತಂದೆ ಪುಣೆಯ ಡಾ. ಮಧುಮಾಲತಿ ಗುಣೆಯವರ ಕ್ಲಿನಿಕ್ಕಿಗೆ ಹೋಗಿದ್ದರಂತೆ. ಡಾಕ್ಟರು ಹೊತ್ತಿಗೆ ಬರಲಿಲ್ಲ. ಕಾದು ಕಾದು ಎದ್ದು ಬಂದರಂತೆ. ಇದು ಕಾರ್ನಾಡರಿಗೆ ಗೊತ್ತಾದದ್ದು ಮೂವತ್ತೈದನೆಯ ವಯಸ್ಸಿನಲ್ಲಿ. ಆತ್ಮಕತೆಯನ್ನು ಅವರು ಅರ್ಪಿಸಿದ್ದು ಆ ಡಾಕ್ಟರಿಗೆ. ಧಾರವಾಡವೆಂದರೆ ತಾನು ದೂರ ನಿಂತು ನೋಡುವ ಊರು ಎಂದುಕೊಂಡಿದ್ದ ಆಕೆಗೆ ಆ ರಾತ್ರಿ ಸಾತಾರಾ ದಾಟುವ ತನಕ ನಿದ್ದೆ ಬರಲಿಲ್ಲ.

ಈ ಸಾಹಿತ್ಯ ಲೋಕದ ಇನ್ನೊಂದು ಸಂಗತಿ ಹೊರಗಿರುವ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ಬೇಂದ್ರೆಯವರ ಮನೆಮಾತು ಮರಾಠಿ. ಕಾರ್ನಾಡರದು ಕೊಂಕಣಿ. ಕೆಲಕಾಲ ಬೆಳಗಾವಿ, ಧಾರವಾಡದ ಕಡೆ ಇಂಗ್ಲಿಷ್ ಕಲಿಸಿದ ರಾಮಾನುಜನ್ನರದು ತಮಿಳು. ಅಟ್ಟದ ಹೆಸರು ಮೇಲೆ ತಂದವರಲ್ಲಿ ಎಷ್ಟೋ ಜನಕ್ಕೆ ಕನ್ನಡ ಅಡುಗೆಮನೆಯ ಭಾಷೆಯಾಗಿರಲಿಲ್ಲ, ಓಣಿಯ ಮತ್ತು ಪುಸ್ತಕದ ಭಾಷೆಯಾಗಿತ್ತು. ಪುಣೆಯ ಆ ಮನೆಯಲ್ಲಿ ಅದು ತಿರುವುಮುರುವು. ಅಡುಗೆಮನೆಯಲ್ಲಿ ಅಪ್ಪಟ ಧಾರವಾಡದ ಕನ್ನಡ, ಬಾಗಿಲಾಚೆ ಮರಾಠಿ. ಹೈದರಾಬಾದಿನಲ್ಲಿ ಜಾಹೀರಾತು ಕಂಪನಿಯಲ್ಲಿರುವ ಮಗಳು ಕನ್ನಡವನ್ನು ನೀರು ಕುಡಿದ ಹಾಗೆ ಮಾತಾಡುತ್ತಾಳೆ. ಓದಲು ಬರುವುದಿಲ್ಲ. ಕಲಿಸಲಿಲ್ಲವೇ ಎಂದು ಯಾರಾದರೂ ಕೇಳಿದರೆ ಆಕೆ ಮಾತು ಬದಲಿಸುತ್ತಾರೆ. ಎರಡು ಬೇಸಗೆ ಪಾಟಿ ಹಿಡಿಸಿದ್ದರು. ಮೂರನೆಯ ಬೇಸಗೆಯಲ್ಲಿ ಈಜಿನ ಕ್ಲಾಸು ಗೆದ್ದಿತು.

ಪುಸ್ತಕ ಸಾಗಿಸುವ ಪ್ರಯತ್ನದ ಕತೆ ಉದ್ದ ಮಾಡಬೇಕಾಗಿಲ್ಲ. ಪುಣೆ ಮುಂಬಯಿಯವರಿಗೆ ಅದು ಹೊಸದಲ್ಲ. ಒಂದು ಗ್ರಂಥಾಲಯದವರು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇದ್ದರೆ ಕೊಡಿ ಎಂದರು. ಧಾರವಾಡದ ಕಡೆಯ ಒಬ್ಬ ಸಂಬಂಧಿ, "ಅಲ್ಲಿಂದ ಬಂದದ್ದನ್ನ ಇಲ್ಲಿಗೇ ಕಳಸ್ತೀಯಾ? ಇಲ್ಲಿ ಎಲ್ಲಾರ ಮನ್ಯಾಗೂ ಅವಽ ಅವ" ಎಂದರು. ರದ್ದಿಯವನು ತಕ್ಕಡಿ ಹಿಡಿದು ತಾನೇ ಬಂದ. ಅವನನ್ನು ಗಂಡ ಕೆಳಗಿನಿಂದಲೇ ಸಾಗಹಾಕಿದರು. ಕೊನೆಗೆ ವಾಟ್ಸಾಪಿನ ಒಂದು ಕನ್ನಡ ಗುಂಪಿನಲ್ಲಿ ಆಕೆ ಪಟ್ಟಿ ಹಾಕಿದರು. ಔಂಧದಿಂದ ಒಬ್ಬ ನಿವೃತ್ತ ಡಾಕ್ಟರು ಬಂದು ಬೇಂದ್ರೆಯವರ ಸಂಕಲನಗಳನ್ನೆಲ್ಲ ಮಗುವಿನ ಹಾಗೆ ಎತ್ತಿಕೊಂಡು ಹೋದರು. ಸೋಲಾಪುರದ ಒಬ್ಬ ಕನ್ನಡ ಅಧ್ಯಾಪಕರು ವಿಮರ್ಶೆ ಇದ್ದದ್ದನ್ನು ಒಯ್ದರು. 'ನಡೆದು ಬಂದ ದಾರಿ'ಯನ್ನು ಮಾತ್ರ ಕೊಡಲು ಆಕೆಗೆ ಕೈ ಬರಲಿಲ್ಲ. ಕೇಳಿದವರಿಗೆ ಅದರ ಒಂದು ಸಂಪುಟ ಕಾಣೆಯಾಗಿದೆ ಎಂದು ಸುಳ್ಳು ಹೇಳಿದರು.

ಹಿಂಜವಡಿಯಿಂದ ಬೈಕಿನಲ್ಲಿ ಬಂದ ಕಲಬುರಗಿಯ ಹುಡುಗ ಶ್ರೀರಂಗರ ನಾಟಕ ಒಯ್ಯಲು ಬಂದವನು. ಐಟಿ ಕೆಲಸ, ಶನಿವಾರ ಭಾನುವಾರ ನಾಟಕದ ಹುಚ್ಚು. ಆಕೆ ಅವನಿಗೆ ಆ ಪತ್ರ, ರಸೀದಿ ತೋರಿಸಿದರು. ಆತ ಪತ್ರವನ್ನು ಎರಡು ಸಲ ಓದಿದ.

"ಚಂದಾ ಅಂದ್ರ ಸಬ್‌ಸ್ಕ್ರಿಪ್ಶನ್ ಅಲ್ಲೇನ್ರಿ ಮೇಡಂ? ನಾವ್ ಓಟಿಟಿಗೆ ಕೊಡ್ತೀವಲ್ಲ, ಹಂಗ?"

"ಹೌದು. ಆದ್ರ ಅದರಾಗ ಸೇರದಿದ್ರ ನೀವು ಬ್ಯಾರೇದು ಹಚ್ಚತೀರಿ. ಇವರಿಗೆ ಅದು ಇರಲಿಲ್ಲ."

"ಮತ್ತ ಯಾಕ್ ಕಟ್ಟಿದ್ರಿ ಇವ್ರು? ಇಷ್ಟು ಬೈದಾರ!"

ಆ ಪ್ರಶ್ನೆ ಆಕೆಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ಅಷ್ಟು ದಿನ ಆಕೆಗೆ ಕಂಡದ್ದು ಅಪ್ಪನ ಪತ್ರದ ತಮಾಷೆ. ಪುಣೆಯ ಸಂಬಳದಲ್ಲಿ ಹೆಂಡತಿ, ಮೂರು ವರ್ಷದ ಮಗಳು, ಊರಲ್ಲಿ ತಾಯಿ. ಬೈದು ಬಿಡಲು ಕಾರಣ ಕೈಯಲ್ಲೇ ಇತ್ತು. ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಒಂದು ಪುಸ್ತಕ ಹಿಡಿಸದ್ದಕ್ಕೆ ಮಾಲೆ ಬಿಡುವುದು ಅವರ ಲೆಕ್ಕಕ್ಕೆ ಬಂದಿರಲಿಕ್ಕಿಲ್ಲ. ಊರಿನ ಜಾತ್ರೆಗೆ ಪಟ್ಟಿ ಕೊಡುವವರು ಈ ಸಲದ ಬಯಲಾಟ ಚೆನ್ನಾಗಿರಲಿಲ್ಲ ಎಂದು ಮುಂದಿನ ಸಲದ ಪಟ್ಟಿ ನಿಲ್ಲಿಸುವುದಿಲ್ಲವಲ್ಲ. ಆಕೆ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ಊರಿನ ಕೆಲಸಾ ಅಂತ ತಿಳಕೊಂಡಿದ್ರೋ ಏನೋ" ಎಂದರು.

ಹುಡುಗ ಹೋಗುವಾಗ, ತಾನು ಮತ್ತು ಗೆಳೆಯರು ಸೇರಿ ಒಂದು ಕಥಾ ಸಂಕಲನ ತರುತ್ತಿದ್ದೇವೆ, ಪ್ರಕಟಣೆಗೆ ಮೊದಲೇ ದುಡ್ಡು ಕೂಡಿಸುತ್ತಿದ್ದೇವೆ ಎಂದು ಸಂಕೋಚದಿಂದಲೇ ಹೇಳಿದ. ಆಕೆ ಅಲ್ಲೇ ಫೋನಿನಿಂದ ಕಳಿಸಿದರು. ಪುಸ್ತಕ ಮಳೆಗಾಲದಲ್ಲಿ ಬಾಡಿಗೆ ಮನೆಯ ವಿಳಾಸಕ್ಕೆ ಬಂತು. ಆಕೆಗೆ ಹಿಡಿಸಲಿಲ್ಲ. ಒಂದು ಕತೆ ಪರವಾಗಿಲ್ಲ, ಮಿಕ್ಕವುಗಳಲ್ಲಿ ಮಂದಿ ಬರೀ ಫೋನಿನಲ್ಲಿ ಬೈದಾಡುತ್ತಾರೆ. ಎರಡನೆಯ ಪುಸ್ತಕಕ್ಕೂ ದುಡ್ಡು ಹೋಗಿದೆ.

ಬಾಡಿಗೆ ಮನೆಗೆ ಬಂದದ್ದು ಎರಡು ರಟ್ಟಿನ ಪೆಟ್ಟಿಗೆ. ಒಂದು ಮಂಚದ ಕೆಳಗಿದೆ. ಇನ್ನೊಂದರ ಮೇಲೆ ಟಿವಿ ಇಟ್ಟಿದ್ದಾರೆ. 'ಸಂಸ್ಕಾರ' ಮಾತ್ರ ಹೊರಗೆ, ತಲೆದಿಂಬಿನ ಪಕ್ಕ.

ಮಗಳಿಗೆ ಆ ಪತ್ರದ ಫೋಟೋ ಕಳಿಸಿ ಓದಿ ಹೇಳಿದ ದಿನ ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಕೇಳಿದಳು: "ಅಮ್ಮಾ, ನಾ ಬಿ.ಎ.ದಾಗ ಓದಿದ್ದು ಇದಽ ಬುಕ್ಕಾ? ರಾಮಾನುಜನ್ ಇಂಗ್ಲಿಷ್ ಮಾಡಿದ್ದು?" ಅದೇ. 1976ರಲ್ಲಿ ಬಂದ ಆ ಅನುವಾದ ಕಾಲೇಜುಗಳಲ್ಲಿ ಪಾಠವಾಗಿದೆ. ಅಟ್ಟದಿಂದ ಹೊರಟ ಒಂದು ಪುಸ್ತಕವನ್ನು ಅದೇ ಅಟ್ಟದ ಇನ್ನೊಬ್ಬ ಕವಿ ಷಿಕಾಗೋದಲ್ಲಿ ಕೂತು ಇಂಗ್ಲಿಷಿಗೆ ತಂದು, ಅದು ಪುಣೆಯ ಕಾಲೇಜಿಗೆ ಬಂದು, ಅಜ್ಜ ಬೈದ ಪುಸ್ತಕದ ಮೇಲೆ ಮೊಮ್ಮಗಳು ಹತ್ತು ಮಾರ್ಕಿನ ಉತ್ತರ ಬರೆದಿದ್ದಳು. ಮೊದಲ ಮುದ್ರಣ ಎರಡು ಮಾರು ದೂರದಲ್ಲಿ, ಕಪಾಟಿನ ಹಿಂದಿನ ಸಾಲಿನಲ್ಲಿತ್ತು. ಅದು ಅವಳಿಗೂ ಗೊತ್ತಿರಲಿಲ್ಲ, ಅವಳ ತಾಯಿಗೂ ಗೊತ್ತಿರಲಿಲ್ಲ.

ಇಂಗ್ಲಿಷಿನಲ್ಲೂ ಹೆಸರು 'ಸಂಸ್ಕಾರ' ಎಂದೇ ಇದೆ. ಕಾಲೇಜಿನ ಗೆಳತಿಯರು ಅದನ್ನು ಮರಾಠಿಯಲ್ಲಿ ಕೇಳಿಸಿಕೊಂಡಿದ್ದರಂತೆ. ಅವರಿಗೆ ಸಂಸ್ಕಾರವೆಂದರೆ ಮಕ್ಕಳಿಗೆ ಮನೆಯವರು ಕಲಿಸುವ ಒಳ್ಳೆಯ ನಡತೆ. ಹೆಣದ ನೆನಪು ಅಷ್ಟು ಬೇಗ ಬರುವುದಿಲ್ಲ. "ಕನ್ನಡದಾಗ ಹೆಂಗ ಕೇಳಸ್ತದ ಅಂತ ಗೊತ್ತಽ ಇಲ್ಲ ನಂಗ. ನೀ ಓದಿ ಹೇಳ್ತೀಯೇನು?" ಎಂದಳು ಮಗಳು.

ಆಗಿನಿಂದ ಭಾನುವಾರ ಸಂಜೆ ಆರಕ್ಕೆ ಫೋನು. ಒಂದು ಸಲಕ್ಕೆ ಏಳೆಂಟು ಪುಟ. ಮಲೆನಾಡಿನ ದೂರ್ವಾಸಪುರದ ಬ್ರಾಹ್ಮಣರನ್ನು ಆಕೆ ತನಗೆ ತಿಳಿಯದ ಹಾಗೆ ಮಾಳಮಡ್ಡಿಯ ಧಾಟಿಯಲ್ಲಿ ಮಾತಾಡಿಸುತ್ತಾರೆ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯರೆಲ್ಲ ಧಾರವಾಡದ ಕಾಕಾಗಳ ಹಾಗೆ ಕೇಳಿಸುತ್ತಾರಂತೆ ಮಗಳಿಗೆ. ನಡುನಡುವೆ ಅಪ್ಪನ ಪೆನ್ಸಿಲ್ ಬಂದರೆ ಅದನ್ನೂ ಓದುತ್ತಾರೆ, ದನಿ ಸ್ವಲ್ಪ ತಗ್ಗಿಸಿ. ಈ ಭಾನುವಾರ ಆಚಾರ್ಯರು ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕೆ ಕಾದು ಕೂತಿದ್ದರು. ಹೂವು ಬೀಳಲಿಲ್ಲ. ಕತ್ತಲಾಗಿತ್ತು, ಹೈದರಾಬಾದಿನಲ್ಲಿ ಯಾರೋ ಕಾಲಿಂಗ್ ಬೆಲ್ ಒತ್ತಿದರು, ಮಗಳು ಸಾಕೆಂದಳು. ಆಕೆ ಪುಟ ತಿರುವಿ ನೋಡಿದರು. ಪೆನ್ಸಿಲ್ ಗುರುತು ಇನ್ನೆರಡೇ ಇದ್ದವು. ರಸೀದಿಯನ್ನು ಅಲ್ಲಿ ಗುರುತಿಗಿಟ್ಟು ಪುಸ್ತಕ ಮುಚ್ಚಿದರು.